ಕೆರೆಯಂಚಿನ ನೀರು, ಕಣಜದ ಗೂಡು

ಏಪ್ರಿಲ್ ತಿಂಗಳ ನಡುಮಧ್ಯಾಹ್ನ ಶಿಕಾರಿಪುರ, ಸೊರಬ ಸೀಮೆಯ ಕೆರೆಗಳಲ್ಲಿ ನೀರು ಅಂಗಳ ಬಿಟ್ಟು ಏರಿಯ ಬುಡಕ್ಕೆ ಸರಿದಿರುತ್ತದೆ. ಬಿಟ್ಟುಹೋದ ಜಾಗದಲ್ಲಿ ಮೊದಲು ಬಿರುಕುಬಿಟ್ಟ ಒಣಮಣ್ಣು, ಅದರಾಚೆ ದನಗಳ ಗೊರಸಿನ ಗುಳಿ ತುಂಬಿದ ಹಸಿಮಣ್ಣು, ಕೊನೆಗೆ ಒಂದು ಬೆರಳು ಮುಳುಗದಷ್ಟು ತೆಳುನೀರು. ಗದ್ದೆಗೆ ನೀರು ಬಿಡುವವರ ಲೆಕ್ಕದಲ್ಲಿ ಆ ಕೆರೆ ಆಗಲೇ ಮುಗಿದಿದೆ. ಆದರೆ ಬಗ್ಗಿ ಒಂದು ಗೊರಸಿನ ಗುಳಿಯನ್ನು ನೋಡಿದರೆ ಅಲ್ಲಿ ಬಿಡುವಿಲ್ಲದ ಓಡಾಟವಿದೆ. ತೆಳು ಸೊಂಟದ ಕಣಜವೊಂದು ಗುಳಿಯ ಇಳಿಜಾರಿನಲ್ಲಿ ಕಾಲೂರಿ, ತಲೆ ತಗ್ಗಿಸಿ, ಮಣ್ಣು ನೀರು ಕೂಡುವ ಗೆರೆಗೆ ಬಾಯಿ ಹಚ್ಚಿ ನಿಂತಿರುತ್ತದೆ. ಅದರ ಹೊಟ್ಟೆ ಮೆಲ್ಲಗೆ ಏರಿಳಿಯುತ್ತದೆ. ಸ್ವಲ್ಪ ಹೊತ್ತಿಗೆ ಭಾರವಾಗಿ ಎದ್ದು, ಒಮ್ಮೆ ಸುತ್ತು ಹಾಕಿ, ನೇರವಾಗಿ ಊರಿನ ಸೂರುಗಳ ಕಡೆಗೆ ಹೋಗುತ್ತದೆ. ತುಸು ಹೊತ್ತಿನಲ್ಲೇ ಅದೇ ಜಾಗಕ್ಕೆ ಮತ್ತೆ ಬರುತ್ತದೆ. ಒಂದು ಹುಳುವಿನ ಬಾಯಾರಿಕೆಗೆ ಇಷ್ಟೊಂದು ಸಲ ಬರಬೇಕಾಗಿಲ್ಲ. ಅದು ಹೊತ್ತೊಯ್ಯುವ ನೀರು ಗೂಡಿನದು. ಆ ನೀರು ಏನಾಗುತ್ತದೆಂದು ಬೆನ್ನು ಹತ್ತಿ ಹೋದರೆ ನಮ್ಮ ಮೆಕ್ಕೆಜೋಳದ ಹೊಲಕ್ಕೆ ಬಂದು ಮುಟ್ಟುತ್ತೇವೆ. ಕೆರೆಯನ್ನು ಅದು ಹಿಡಿಯುವ ನೀರಿನ ಪ್ರಮಾಣದಿಂದ ಮಾತ್ರ ಅಳೆಯುವುದು ಸಾಲದು, ಅದರ ಅಂಚನ್ನೂ ಅಳೆಯಬೇಕು ಎಂಬುದು ಈ ಲೇಖನದ ವಾದ.

ಕಣಜ ಎಂಬ ಒಂದೇ ಹೆಸರಿನಲ್ಲಿ ನಾವು ಕರೆಯುವುದು ಹಲವು ಜೀವಿಗಳನ್ನು. ದೊಡ್ಡ ಮೈಯ, ಹೊಟ್ಟೆಗೆ ಹಳದಿ ಪಟ್ಟಿಯ, ಮರದಲ್ಲೋ ಪೊಟರೆಯಲ್ಲೋ ಗೂಡು ಮಾಡುವ ಕಡಜ ಬೇರೆ. ಸೂರಿನ ಕೆಳಗೆ, ಕಿಟಕಿಯ ಚೌಕಟ್ಟಿನ ಮೂಲೆಯಲ್ಲಿ, ಬೂದು ಕಾಗದದ ಸಣ್ಣ ಗೂಡಿಗೆ ಜೋತುಬಿದ್ದಿರುವ ಕಂದು ಕಣಜ ಬೇರೆ. ದೇವರ ಪಟದ ಹಿಂದೆ, ಗೋಡೆಯ ಸಂದಿಯಲ್ಲಿ ಮಣ್ಣು ಮೆತ್ತುವ ಕುಂಬಾರ ಹುಳ ಇನ್ನೂ ಬೇರೆ. ರೂಪ, ಸಂಸಾರ, ಬೇಟೆ ಎಲ್ಲದರಲ್ಲೂ ಇವು ಬೇರೆಯಾದರೂ ನೀರನ್ನು ಹೊರುವ ಬಗೆ ಬಹುಪಾಲು ಒಂದೇ. ಕಣಜದ ಕೆಳದುಟಿಯ ತುದಿಯಲ್ಲಿ ನಾಲಿಗೆಯಂಥ ಕೂದಲುಳ್ಳ ಭಾಗವಿದೆ. ಅದು ಬತ್ತಿಯ ಹಾಗೆ ನೀರನ್ನು ಹೀರುತ್ತದೆ, ಗಂಟಲಿನ ಸ್ನಾಯುಗಳು ಒಳಕ್ಕೆಳೆಯುತ್ತವೆ. ಒಳಗೆ ಹೋದ ನೀರು ನೇರವಾಗಿ ಜೀರ್ಣಾಂಗಕ್ಕೆ ಇಳಿಯುವುದಿಲ್ಲ. ಅದಕ್ಕೆ ಮೊದಲೇ ಹಿಗ್ಗುವ ಒಂದು ಚೀಲವಿದೆ, ಅದರ ಕೊನೆಯಲ್ಲಿ ತೆರೆದು ಮುಚ್ಚುವ ಬಾಗಿಲಿದೆ. ಆ ಬಾಗಿಲು ಮುಚ್ಚಿರುವಷ್ಟು ಹೊತ್ತು ಚೀಲದ ನೀರು ಹುಳುವಿನದಲ್ಲ, ಬೇಕೆಂದಾಗ ಬಾಯಿಗೆ ಮರಳಿ ತಂದು ಹೊರಗೆ ಬಿಡಬಹುದಾದ ಸರಕು. ಬಿಂದಿಗೆ ಹೊತ್ತವರು ದಾರಿಯಲ್ಲಿ ಅದನ್ನು ಕುಡಿದು ಮುಗಿಸುವುದಿಲ್ಲವಲ್ಲ, ಹಾಗೆ.

ನೀರು ಸಿಕ್ಕರೆ ಸಾಲದು, ನಿಲ್ಲಲು ಜಾಗವೂ ಬೇಕು. ಕಣಜ ಹೂವಿನ ಮೇಲೆ ಹಾರಾಡುತ್ತ ಮಕರಂದ ಹೀರುವ ಪತಂಗದಂತೆ ಗಾಳಿಯಲ್ಲಿ ನಿಂತು ಕುಡಿಯಲಾರದು. ಒದ್ದೆ ಮಣ್ಣು, ತೇಲುವ ತಾವರೆ ಎಲೆ, ಪಾಚಿಯ ಮೇಲಿನ ಪದರ, ನೀರಿಗೆ ಬಾಗಿದ ಜೊಂಡಿನ ಬುಡ, ಇಂಥ ಊರುಗೋಲು ಬೇಕು. ಕೆಲವು ಕಣಜಗಳು ಕಾಲುಗಳನ್ನು ಅಗಲಿಸಿ ನೀರಿನ ಮೇಲೆಯೇ ಇಳಿಯುತ್ತವೆ. ಅವುಗಳನ್ನು ಎತ್ತಿ ಹಿಡಿಯುವುದು ನೀರಿನ ಮೇಲ್ಮೈ ಸೆಳೆತ. ಹುಳುವಿನ ಪಾದದ ಕೆಳಗೆ ನೀರು ಹಾಸಿದ ತೆಳು ಬಟ್ಟೆಯಂತೆ ಬಗ್ಗುತ್ತದೆ, ಹರಿಯುವುದಿಲ್ಲ. ಸೋಪಿನ ನೀರೋ, ಔಷಧಿ ಎಲೆಗೆ ಅಂಟಲೆಂದು ಬೆರೆಸುವ ಅಂಟುದ್ರವವೋ ಅದಕ್ಕೆ ಸೇರಿದರೆ ಆ ಬಟ್ಟೆ ಹರಿಯುತ್ತದೆ, ಹುಳು ಮುಳುಗುತ್ತದೆ. ಇದು ಸಣ್ಣ ಸಂಗತಿಯಲ್ಲ. ಔಷಧಿ ಹೊಡೆದ ಕ್ಯಾನನ್ನು ಕೆರೆಯಂಚಿನಲ್ಲೇ ತೊಳೆಯುವ ರೂಢಿ ನಮ್ಮಲ್ಲಿ ಎಷ್ಟಿದೆಯೆಂದು ಎಲ್ಲರಿಗೂ ಗೊತ್ತು.

ಹೊತ್ತು ತಂದ ನೀರಿನಿಂದ ನಡೆಯುವ ಕೆಲಸಗಳಲ್ಲಿ ಮಣ್ಣಿನ ಕೆಲಸವೇ ನೋಡಲು ಚೆಂದ. ಕುಂಬಾರ ಹುಳ ಎಂದು ನಾವು ಕರೆಯುವವುಗಳಲ್ಲಿ ಎರಡು ಕುಲಗಳಿವೆ, ಎರಡರ ಕಸುಬೂ ತದ್ವಿರುದ್ಧ. ಒಂದು ಉದ್ದ ಸೊಂಟದ ಕಪ್ಪು ಹಳದಿ ಹುಳು. ಇದರ ಒಂದು ಜಾತಿಗೆ ಫ್ಯಾಬ್ರಿಷಿಯಸ್ 1781ರಲ್ಲಿ ಮದರಾಸಿನ ಹೆಸರನ್ನೇ ಸೇರಿಸಿ ಸ್ಕೆಲಿಫ್ರಾನ್ ಮದ್ರಾಸ್‌ಪಟಾನಮ್ ಎಂದು ಇಂದಿಗೂ ಉಳಿದಿರುವ ಹೆಸರು ಕೊಟ್ಟ. ಇದು ನೀರನ್ನು ಹೊರುವುದಿಲ್ಲ, ನೀರು ಆಗಲೇ ನೆನೆಸಿಟ್ಟ ಮಣ್ಣನ್ನು ಹೊರುತ್ತದೆ. ಕೆರೆಯಂಚಿನಲ್ಲಿ ಹದವಾದ ಕೆಸರು ಹುಡುಕಿ, ದವಡೆಯಿಂದ ಕೆರೆದು ಉಂಡೆ ಕಟ್ಟಿ, ಗೂಡಿಗೆ ತಂದು ಒತ್ತುವಾಗ ಜೋರಾಗಿ ಗುಂಯ್ಗುಡುತ್ತದೆ. ಆ ಸದ್ದು ರೆಕ್ಕೆಯ ಸ್ನಾಯುಗಳ ನಡುಕದ್ದು. ನಡುಕ ದವಡೆಯ ಮೂಲಕ ಮಣ್ಣಿಗಿಳಿದು ಗಟ್ಟಿಯಾಗುತ್ತಿರುವ ಕೆಸರನ್ನು ಕ್ಷಣಕಾಲ ಮೆತ್ತಗಾಗಿಸಿ ಹಳೆಯ ಪದರಕ್ಕೆ ಬೆಸೆಯುತ್ತದೆ. ಕಾಂಕ್ರೀಟ್ ಹಾಕುವಾಗ ಗಾರೆಯವರು ವೈಬ್ರೇಟರ್ ಇಳಿಬಿಡುವುದೂ ಇದೇ ಕಾರಣಕ್ಕೆ. ಒಂದು ಕೋಣೆ ಮುಗಿಸಲು ಹೀಗೆ ಹತ್ತಾರು ಸಲ ಕೆರೆಗೂ ಗೋಡೆಗೂ ಓಡಾಡಬೇಕು. ಕೆಸರು ದೂರವಾದಷ್ಟೂ ಒಂದು ದಿನದಲ್ಲಿ ಏಳುವ ಗೋಡೆ ಗಿಡ್ಡವಾಗುತ್ತದೆ.

ಇನ್ನೊಂದು ಕುಲ ನಿಜವಾದ ಕುಂಬಾರಿಕೆಯದು. ಪುಟ್ಟ ಗಡಿಗೆಯಂಥ, ಕೆಲವೊಮ್ಮೆ ಕಂಠವೂ ಇರುವ ಗೂಡು ಮಾಡುವ ಹುಳು. ಇದು ಕೆಸರನ್ನು ಮುಟ್ಟದು. ಮೊದಲು ನೀರಿನ ಚೀಲ ತುಂಬಿಸಿಕೊಂಡು, ಗಟ್ಟಿಯಾದ ಒಣ ಮಣ್ಣಿರುವ ಜಾಗಕ್ಕೆ ಹೋಗುತ್ತದೆ. ಅಲ್ಲಿ ಒಂದು ಹನಿ ಕಾರಿ, ನೆನೆದಷ್ಟೇ ಮಣ್ಣನ್ನು ದವಡೆಯಿಂದ ಕೆರೆದು, ಮುಂಗಾಲಿನಿಂದ ಉರುಳಿಸಿ ಗೋಲಿ ಮಾಡುತ್ತದೆ. ಒಂದು ಚೀಲ ನೀರಿನಲ್ಲಿ ಇಂಥ ಹಲವು ಗೋಲಿಗಳಾಗುತ್ತವೆ. ಗಡಿಗೆ ಸಿದ್ಧವಾದ ಮೇಲೆ ಒಳಗೆ ಛಾವಣಿಯಿಂದ ಎಳೆಯೊಂದರಲ್ಲಿ ಮೊಟ್ಟೆಯನ್ನು ತೂಗುಹಾಕಿ, ಕುಟುಕಿ ಮಲಗಿಸಿದ ಹುಳುಗಳನ್ನು ತುಂಬಿ ಬಾಯಿ ಮುಚ್ಚುತ್ತದೆ. ತುಂಬುವ ಆ ಹುಳುಗಳು ಬಹುಮಟ್ಟಿಗೆ ಎಲೆ ತಿನ್ನುವ ಕಂಬಳಿಹುಳು, ಲದ್ದಿಹುಳುಗಳ ಜಾತಿಯವು. ಕೆಸರು ಹೊರುವ ಮೊದಲ ಕುಲ ತನ್ನ ಕೋಣೆಗೆ ಜೇಡಗಳನ್ನು ತುಂಬುತ್ತದೆ. ರೈತರು ಈ ಎರಡನ್ನೂ ಒಂದೇ ಎಂದು ಎಣಿಸುವುದು ಸಹಜ. ಆದರೆ ಒಂದಕ್ಕೆ ಬೇಕಾದದ್ದು ಒದ್ದೆ ಅಂಚು, ಇನ್ನೊಂದಕ್ಕೆ ಕೈಗೆಟುಕುವ ದೂರದಲ್ಲಿ ನೀರು ಮತ್ತು ಒಣ ಮಣ್ಣು ಎರಡೂ. ಇಳಿಜಾರಿನ ಕೆರೆಯಂಗಳದಲ್ಲಿ ಇವೆರಡೂ ನಾಲ್ಕು ಹೆಜ್ಜೆಯ ಅಂತರದಲ್ಲಿ ಸಿಗುತ್ತವೆ. ನೆಟ್ಟಗೆ ಕಡಿದ ಗೋಡೆಯ ಕೆರೆಯಲ್ಲಿ ಎರಡೂ ಸಿಗುವುದಿಲ್ಲ.

ಸೂರಿನ ಕೆಳಗಿನ ಕಾಗದದ ಗೂಡಿನ ಕತೆ ಮತ್ತೊಂದು. ಕಣಜ ಮರದ ನಾರಿನಿಂದ ಕಾಗದ ಮಾಡುತ್ತದೆ, ಮನುಷ್ಯರೂ ಚಿಂದಿ ಬಟ್ಟೆಯ ಬದಲು ಮರದಿಂದಲೇ ಕಾಗದ ಮಾಡಬಹುದು ಎಂದು ಫ್ರಾನ್ಸಿನ ರಿಯೋಮೂರ್ 1719ರಲ್ಲೇ ಹೇಳಿದ್ದ. ಬಿಸಿಲು ಮಳೆ ತಿಂದು ಬೂದುಬಣ್ಣಕ್ಕೆ ತಿರುಗಿದ ಬೇಲಿಗೂಟ, ಹಳೆಯ ಬಾಗಿಲ ಚೌಕಟ್ಟು, ಒಣಗಿದ ಕಾಂಡ ಇವುಗಳಿಂದ ಕಣಜ ನಾರು ಕೆರೆಯುತ್ತದೆ. ಒಣ ನಾರು ತಾನೇ ಕಾಗದವಾಗದು. ಕೆರೆಯುವ ಮೊದಲೇ ಜಾಗವನ್ನು ನೀರಿನಿಂದ ನೆನೆಸಬೇಕು, ಕೆರೆದದ್ದನ್ನು ನೀರು, ಎಂಜಲು ಬೆರೆಸಿ ಅಗಿದು ಹದ ಮಾಡಬೇಕು. ಸಣ್ಣ ಗೂಡಿನ ಕಣಜಗಳಲ್ಲಿ ಸಾಮಾನ್ಯವಾಗಿ ಒಂದೇ ಹುಳು ಮೊದಲು ನೀರಿಗೆ, ಅಲ್ಲಿಂದ ಮರಕ್ಕೆ, ಅಲ್ಲಿಂದ ಗೂಡಿಗೆ ಹೋಗುತ್ತದೆ. ಅಮೆರಿಕ ಖಂಡದ ಉಷ್ಣವಲಯದ ಕೆಲವು ದೊಡ್ಡ ಸಂಸಾರದ ಕಣಜಗಳಲ್ಲಿ ಮಾತ್ರ ನೀರು ತರುವವು, ನಾರು ತರುವವು, ಕಟ್ಟುವವು ಬೇರೆ ಬೇರೆ.

ಆ ದೊಡ್ಡ ಗೂಡುಗಳ ಮೇಲೆ ಇಸ್ತ್ವಾನ್ ಕರ್ಸಾಯ್ ಮತ್ತು ಜಾನ್ ವೆಂಜೆಲ್ 2000ದಲ್ಲಿ ಪ್ರಕಟಿಸಿದ ಕೆಲಸ ನೀರಿನ ಬಗ್ಗೆ ನಮ್ಮ ಎಣಿಕೆಯನ್ನೇ ಬದಲಿಸುವಂಥದು. ನೀರು ತಂದ ಹುಳು ಅದನ್ನು ಗೂಡಿನಲ್ಲಿ ಕೂತ ಇತರ ಹುಳುಗಳ ಚೀಲಕ್ಕೆ ಬಾಯಿಂದ ಬಾಯಿಗೆ ಹಂಚುತ್ತದೆ. ಹೀಗೆ ಹಲವರ ಹೊಟ್ಟೆಯಲ್ಲಿ ಹಂಚಿ ಕೂಡಿಟ್ಟ ನೀರಿಗೆ ವಿಜ್ಞಾನಿಗಳು ಕೊಟ್ಟ ಹೆಸರನ್ನು ಕನ್ನಡದಲ್ಲಿ ಊರ ಹೊಟ್ಟೆ ಎನ್ನಬಹುದು. ಊರ ಹೊಟ್ಟೆ ಖಾಲಿಯಾಗಿದ್ದರೆ ನೀರು ತಂದವಳ ಹೊರೆ ತಕ್ಷಣ ಇಳಿಯುತ್ತದೆ, ಅವಳು ಮತ್ತೆ ಹೊರಡುತ್ತಾಳೆ. ತುಂಬಿದ್ದರೆ ಇಳಿಸಿಕೊಳ್ಳುವವರು ಸಿಗುವುದಿಲ್ಲ, ಅವಳ ಓಡಾಟ ತಾನಾಗಿ ನಿಲ್ಲುತ್ತದೆ. ನಾರು ತರುವವಳಿಗೆ ಹೊರಡುವ ಮೊದಲು ನೀರು ಬೇಕು, ಅದು ಬೇಗ ಸಿಕ್ಕಿದರೆ ನಾರಿನ ಕೆಲಸ ಏರುತ್ತದೆ. ಸಂಶೋಧಕರು ಗೂಡಿಗೆ ತಾವೇ ನೀರು ಕೊಟ್ಟಾಗ ನೀರು ತರುವ ಓಡಾಟ ಇಳಿದು ನಾರು ತರುವ ಕೆಲಸ ಏರಿತು. ಆಜ್ಞೆ ಕೊಡುವ ರಾಣಿ ಇಲ್ಲ, ಮೇಲ್ವಿಚಾರಕರಿಲ್ಲ. ಗೂಡಿನ ನೀರುಗಂಟಿ ನೀರೇ. ಆ ಜಾತಿಗಳು ನಮ್ಮಲ್ಲಿಲ್ಲ, ನಮ್ಮ ಕಣಜಗಳ ವ್ಯವಸ್ಥೆ ಇಷ್ಟು ಬಿಡಿಬಿಡಿಯಾಗಿ ಹಂಚಿಲ್ಲ ಎಂಬುದು ನಿಜ. ಆದರೂ ನೀರು ಸಿಗುವ ವೇಗವೇ ಕಟ್ಟುವ ವೇಗ ಎಂಬ ನಿಯಮ ನಾರು ನೆನೆಸಿ ಕಾಗದ ಮಾಡುವ ಯಾವ ಕಣಜಕ್ಕೂ ತಪ್ಪಿದ್ದಲ್ಲ.

ಕಟ್ಟಿದ ಗೂಡನ್ನು ಬೇಸಿಗೆಯಲ್ಲಿ ಉಳಿಸಿಕೊಳ್ಳುವುದು ಇನ್ನೂ ಕಠಿಣ. ಕಾಗದದ ಗೂಡಿನ ಕೋಣೆಗಳಲ್ಲಿ ಹೊಟ್ಟೆಬಾಕ ಮರಿಗಳಿರುತ್ತವೆ, ಬಾಯಿ ಮುಚ್ಚಿದ ಕೋಣೆಗಳಲ್ಲಿ ಕೋಶಾವಸ್ಥೆಯ ಹುಳುಗಳಿರುತ್ತವೆ. ಇವು ಎದ್ದು ನೆರಳಿಗೆ ಹೋಗಲಾರವು. ತಗಡಿನ ಸೂರಿನ ಕೆಳಗೆ ಮಧ್ಯಾಹ್ನದ ಝಳ ಏರಿದಾಗ ದೊಡ್ಡ ಕಣಜಗಳು ಮೊದಲು ಗೂಡಿನ ಮೇಲೆ ನಿಂತು ರೆಕ್ಕೆ ಬೀಸುತ್ತವೆ. ಅದೂ ಸಾಲದಾದಾಗ ನೀರಿಗೆ ಹೊರಡುತ್ತವೆ. ತಂದ ನೀರನ್ನು ಕೋಣೆಗಳ ಅಂಚಿಗೆ, ಮುಚ್ಚಳಗಳ ಮೇಲೆ ಹನಿಹನಿಯಾಗಿ ಸವರಿ ಮತ್ತೆ ರೆಕ್ಕೆ ಬೀಸುತ್ತವೆ. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಒಂದು ಕ್ಯಾಲರಿ ಶಾಖ ಸಾಕು, ಅದೇ ನೀರು ಆವಿಯಾಗಿ ಹೋಗಬೇಕಾದರೆ ಸುಮಾರು 580 ಕ್ಯಾಲರಿಯನ್ನು ಸುತ್ತಲಿಂದ ಎಳೆದುಕೊಳ್ಳುತ್ತದೆ. ಮಣ್ಣಿನ ಮಡಕೆಯಲ್ಲಿ ನೀರು ತಣ್ಣಗಾಗುವುದು ಈ ಲೆಕ್ಕದಿಂದಲೇ. ಹನಿ ಎಷ್ಟೇ ಚಿಕ್ಕದಾದರೂ ಅಂಗೈಯಗಲದ ಕಾಗದಕ್ಕೆ ಅದು ದೊಡ್ಡ ತಂಪು. ಆದರೆ ಆವಿಯಾದ ಹನಿ ಮುಗಿದ ಹನಿ. ಬಿಸಿಲು ಇಳಿಯುವವರೆಗೆ ಮತ್ತೆ ಮತ್ತೆ ತರಬೇಕು. ಗೊರಸಿನ ಗುಳಿಗೆ ಅದೇ ಹುಳು ಬಂದು ಹೋಗುತ್ತಲೇ ಇರುವುದು ಈ ಕಾರಣಕ್ಕೆ.

ಇದೇ ಹುಳುಗಳು ಜುಲೈನಲ್ಲಿ ಇದರ ಉಲ್ಟಾ ಕೆಲಸ ಮಾಡುತ್ತವೆ. ಎರಚಲು ಮಳೆ ಗೂಡಿಗೆ ಬಡಿದು ಕೋಣೆಗಳಲ್ಲಿ ನೀರು ನಿಂತರೆ ಅದನ್ನು ಹೀರಿ, ಗೂಡಿನ ಅಂಚಿಗೆ ಬಂದು, ಬಾಯಿಂದ ಹನಿಯಾಗಿ ಹೊರಕ್ಕೆ ಬಿಡುತ್ತವೆ. ಏಪ್ರಿಲ್‌ನಲ್ಲಿ ಒಳಕ್ಕೆ ಹೊತ್ತ ಚೀಲದಲ್ಲೇ ಜುಲೈನಲ್ಲಿ ಹೊರಕ್ಕೆ ಹೊರುತ್ತವೆ. ಪಶ್ಚಿಮಕ್ಕೆ ಹೋದಂತೆ ಮಳೆ ಹೆಚ್ಚುವ ಈ ಎರಡು ತಾಲ್ಲೂಕುಗಳಲ್ಲಿ ಎರಡೂ ಕೌಶಲ ಬೇಕು.

ಇಷ್ಟಾದರೂ ರೈತರು ಒಂದು ಕಣಜದ ಗೂಡಿನ ನೀರಿನ ಚಿಂತೆ ಏಕೆ ಮಾಡಬೇಕು? ಉತ್ತರ ಮೆಕ್ಕೆಜೋಳದಲ್ಲಿದೆ. ಶಿಕಾರಿಪುರದ ಬಯಲು ಸೀಮೆಗೆ ಹತ್ತಿದ ಹೊಲಗಳಲ್ಲಿ ಮೆಕ್ಕೆಜೋಳ ಬಹಳ ಕಾಲದಿಂದ ಮುಖ್ಯ ಬೆಳೆ. ಅಮೆರಿಕ ಮೂಲದ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದು 2018ರಲ್ಲಿ, ಇದೇ ಶಿವಮೊಗ್ಗ ಜಿಲ್ಲೆಯ ಮೆಕ್ಕೆಜೋಳದಲ್ಲಿ. ಗುರುತಿಸಿದವರು ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೀಟವಿಜ್ಞಾನಿಗಳು. ಸುಳಿಯೊಳಗೆ ಕೂತು, ಗರಗಸದ ಹೊಟ್ಟಿನಂಥ ಲದ್ದಿ ಹಾಕುತ್ತ, ಎಲೆಯನ್ನು ತೂತು ಮಾಡಿ ತಿನ್ನುವ ಈ ಹುಳುವಿಗೆ ಆಮೇಲೆ ಎಷ್ಟು ಔಷಧಿ ಸುರಿದಿದ್ದೇವೆಂಬುದು ಪ್ರತಿ ಊರಿನ ಗೊಬ್ಬರದಂಗಡಿಗೆ ಗೊತ್ತು. ಇದೇ ಹುಳುವನ್ನು ಮುಂದಿಟ್ಟುಕೊಂಡು ಬ್ರೆಜಿಲ್‌ನಲ್ಲಿ ನಡೆದ ಪ್ರಯೋಗವೊಂದರ ಫಲ 2019ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬಂತು. ಕಾಗದದ ಗೂಡಿನ ಕಣಜಗಳನ್ನು ಮೆಕ್ಕೆಜೋಳ, ಕಬ್ಬು ಇರುವ ಆವರಣಕ್ಕೆ ಬಿಟ್ಟಾಗ ಮೆಕ್ಕೆಜೋಳದ ಸೈನಿಕ ಹುಳು, ಕಬ್ಬಿನ ಕಾಂಡಕೊರಕ ಎರಡೂ ಕಡಿಮೆಯಾದವು, ಗಿಡಕ್ಕಾದ ಹಾನಿಯೂ ತಗ್ಗಿತು. ಅಲ್ಲಿನ ಕಣಜದ ಜಾತಿ ಬೇರೆ. ಆದರೆ ಲದ್ದಿಹುಳುವನ್ನು ಹಿಡಿದು ಅಗಿದು ಉಂಡೆ ಮಾಡಿ ಮರಿಗೆ ಉಣಿಸುವ ಅದೇ ಕಸುಬು ನಮ್ಮ ಸೂರಿನ ಕಣಜದ್ದೂ ಹೌದು. ಮರಿಗೆ ಮಾಂಸ ಬೇಕು, ದೊಡ್ಡ ಹುಳುವಿಗೆ ಸಿಹಿರಸ ಸಾಕು. ಹಾಗಾಗಿ ಗೂಡಿನಲ್ಲಿ ಮರಿಗಳು ಹೆಚ್ಚಿದಷ್ಟೂ ಹೊಲದಲ್ಲಿ ಬೇಟೆ ಹೆಚ್ಚು. ಮರಿಗಳ ಸಂಖ್ಯೆ ಗೂಡಿನ ಕೋಣೆಗಳ ಸಂಖ್ಯೆಗೆ ಕಟ್ಟುಬಿದ್ದಿದೆ, ಕೋಣೆಗಳ ಸಂಖ್ಯೆ ನೀರಿಗೆ. ಕೆರೆಯಂಚಿನ ಗೊರಸಿನ ಗುಳಿಯಿಂದ ಮೆಕ್ಕೆಜೋಳದ ಸುಳಿಗೆ ಇರುವ ದಾರಿ ಇದು.

ಇಲ್ಲಿ ಒಂದು ಗಟ್ಟಿ ಆಕ್ಷೇಪವಿದೆ. ಮೆಕ್ಕೆಜೋಳ ಬಿತ್ತುವುದು ಮುಂಗಾರಿಗೆ, ಸೈನಿಕ ಹುಳು ಕಾಡುವುದು ಮಳೆಗಾಲದ ಬೆಳೆಯನ್ನು. ಆಗ ನೀರು ಎಲ್ಲೆಲ್ಲೂ ಇರುತ್ತದೆ, ಪ್ರತಿ ಎಲೆಯ ಕಂಕುಳಲ್ಲೂ ಇರುತ್ತದೆ. ಬೇಸಿಗೆಯ ಕೆರೆಯಂಚಿಗೂ ಮಳೆಗಾಲದ ಬೇಟೆಗೂ ಎಲ್ಲಿಯ ಸಂಬಂಧ? ಆಕ್ಷೇಪ ಎತ್ತುವವರು ಕಣಜಗಳು ಮಳೆಯ ಜೊತೆ ಹುಟ್ಟಿಬರುತ್ತವೆ ಎಂದುಕೊಂಡಿದ್ದಾರೆ. ಚಳಿ ದೇಶಗಳಲ್ಲಿ ಗೂಡುಗಳು ಋತುವಿಗೊಮ್ಮೆ ಹೊಸದಾಗಿ ಏಳುತ್ತವೆ, ಋತು ಮುಗಿದಾಗ ಅಳಿಯುತ್ತವೆ. ದಕ್ಷಿಣ ಭಾರತದಲ್ಲಿ ಹಾಗಲ್ಲ. ನಮ್ಮಲ್ಲಿ ಬಹಳ ಸಾಮಾನ್ಯವಾದ ರೊಪಾಲಿಡಿಯಾ ಮಾರ್ಜಿನೇಟಾ ಎಂಬ ಕಾಗದದ ಗೂಡಿನ ಕಣಜವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗಕರ್ ಮತ್ತು ಅವರ ವಿದ್ಯಾರ್ಥಿಗಳು ದಶಕಗಳ ಕಾಲ, ಒಂದೊಂದು ಹುಳುವಿಗೂ ಬಣ್ಣದ ಚುಕ್ಕಿಯಿಟ್ಟು ಗುರುತು ಹಿಡಿದು, ಅಭ್ಯಾಸ ಮಾಡಿದ್ದಾರೆ. ಆ ಕಣಜದ ಬಗ್ಗೆ ಅವರ ದೊಡ್ಡ ಪುಸ್ತಕ 2001ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಮುದ್ರಣಾಲಯದಿಂದ ಬಂತು. ಈ ಕಣಜದ ಗೂಡು ವರ್ಷದ ಯಾವ ತಿಂಗಳಲ್ಲೂ ಶುರುವಾಗಬಹುದು, ರಾಣಿ ಬದಲಾದರೂ ಮುಂದುವರಿಯಬಹುದು. ಹಾಗಾದರೆ ಜೂನ್‌ನಲ್ಲಿ ಬೇಟೆಗೆ ಹೊರಡುವ ಹುಳುಗಳು ಏಪ್ರಿಲ್, ಮೇ ತಿಂಗಳಲ್ಲಿ ಮೊಟ್ಟೆ, ಮರಿ, ಕೋಶವಾಗಿ ಅದೇ ಕಾಗದದಲ್ಲಿ ಬೆಳೆದವು. ಝಳಕ್ಕೆ ಆ ಕೋಣೆಗಳು ಬೆಂದುಹೋಗಿದ್ದರೆ ಮಳೆ ಬಂದಾಗ ನೀರಿರುತ್ತದೆ, ನೀರು ಹೊರುವವರು ಇರುವುದಿಲ್ಲ. ಸೈನಿಕ ಹುಳುವಿನ ಪತಂಗ ಮಾತ್ರ ರಾತ್ರೋರಾತ್ರಿ ಬಹುದೂರದಿಂದ ಹಾರಿ ಬಂದು ಮೊಟ್ಟೆಯಿಡುತ್ತದೆ. ಕಣಜದ ಓಡಾಟ ಸಾಮಾನ್ಯವಾಗಿ ಗೂಡಿನಿಂದ ಕೆಲವು ನೂರು ಮೀಟರುಗಳದ್ದು. ಪತಂಗ ಬರುವ ಮೊದಲೇ ಬೇಟೆಗಾರರು ಊರಿನಲ್ಲಿರಬೇಕು. ಬರದ ವರ್ಷದಲ್ಲಿ ಇದರ ಬೆಲೆ ಇನ್ನೂ ಹೆಚ್ಚು. 2023ರಲ್ಲಿ ಸರ್ಕಾರ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಬೇಕಾಯಿತು, ಮಲೆನಾಡಿನ ಸೆರಗೂ ಅದರಿಂದ ತಪ್ಪಿಸಿಕೊಳ್ಳಲಿಲ್ಲ.

ಇನ್ನೊಂದು ಮಾತು ಕೇಳಿಬರುತ್ತದೆ. ಕಣಜಕ್ಕೆ ಬೇಕಾದದ್ದು ಹನಿ ನೀರು, ಅದಕ್ಕೆ ಕೆರೆಯೇ ಏಕೆ? ಇಬ್ಬನಿ ಇದೆ, ಅಡಿಕೆ ತೋಟದ ಡ್ರಿಪ್ ಇದೆ, ಕೃಷಿ ಹೊಂಡಗಳಿವೆ ಎಂದು. ಒಂದೊಂದನ್ನೇ ನೋಡೋಣ. ಏಪ್ರಿಲ್ ಮಧ್ಯಾಹ್ನದ ಝಳದ ಹೊತ್ತಿಗೆ ಇಬ್ಬನಿ ಎಂದೋ ಆರಿರುತ್ತದೆ, ತಂಪಿಗೆ ನೀರು ಬೇಕಾಗುವುದು ಆಗಲೇ. ಮೆಕ್ಕೆಜೋಳದ ಎಳೆಗರಿಯ ತುದಿಯಲ್ಲಿ ಬೆಳಗ್ಗೆ ಕಾಣುವ ಹನಿಗಳೆಲ್ಲ ಇಬ್ಬನಿಯಲ್ಲ, ಹಲವು ಗಿಡವೇ ಒಳಗಿನಿಂದ ಹೊರಹಾಕಿದ ರಸದ ಹನಿಗಳು. ನಿಯೋನಿಕೋಟಿನಾಯ್ಡ್ ಗುಂಪಿನ ಔಷಧಿ ಲೇಪಿಸಿದ ಬೀಜದಿಂದ ಎದ್ದ ಮೆಕ್ಕೆಜೋಳದ ಸಸಿಯ ಇಂಥ ಹನಿಗಳಲ್ಲಿ ಜೇನುಹುಳುವನ್ನು ಕೊಲ್ಲುವಷ್ಟು ವಿಷ ಇರುತ್ತದೆಂದು ಇಟಲಿಯ ಜಿರೊಲಾಮಿ ಮತ್ತು ಸಂಗಡಿಗರು 2009ರಲ್ಲಿ ತೋರಿಸಿದರು. ಜೇನಿಗೆ ವಿಷವಾದದ್ದು ಅದೇ ಬಳಗದ ಕಣಜಕ್ಕೆ ಅಮೃತವಾಗಲಾರದು. ಬೀಜೋಪಚಾರ ಮಾಡಲೇಬಾರದು ಎಂಬುದು ನನ್ನ ವಾದವಲ್ಲ. ಹೊಲದೊಳಗಿನ ನೀರು ಹೀಗಿರುವಾಗ ಹೊಲದಾಚೆಯ ಒಳ್ಳೆಯ ನೀರಿನ ಅಗತ್ಯ ಹೆಚ್ಚುತ್ತದೆ ಎಂಬುದಷ್ಟೇ. ಡ್ರಿಪ್ ನೀರು ನೆರಳಿನ ತೋಟದಲ್ಲಿ ಕಣಜಕ್ಕೆ ಉಪಯೋಗಕ್ಕೆ ಬರುತ್ತದೆ, ಒಪ್ಪಬೇಕಾದ ಮಾತು. ಆದರೆ ಅದು ಬರುವುದು ಕರೆಂಟು ಇದ್ದಾಗ, ಮೋಟಾರು ಓಡಿದಾಗ. ಕೃಷಿ ಹೊಂಡದ್ದು ಬೇರೆಯೇ ತೊಂದರೆ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ರಾಜ್ಯದಲ್ಲಿ ಹೊಂಡಗಳು ಬಹಳವಾದವು, ಅವುಗಳಿಂದ ಎಷ್ಟೋ ಬೆಳೆ ಉಳಿದಿದೆ. ಆದರೆ ಪ್ಲಾಸ್ಟಿಕ್ ಹಾಸಿದ ಹೊಂಡದ ಕಡಿದಾದ ಬದಿಯಲ್ಲಿ ಹುಳುವಿನ ಕಾಲು ನಿಲ್ಲದು. ನೀರಿಗೆ ಜಾರಿದ್ದು ಹತ್ತಿ ಬರಲಾರದೆ ಅಲ್ಲೇ ಸುತ್ತಿ ಸಾಯುತ್ತದೆ. ನೀರು ಸಾವಿರಾರು ಲೀಟರ್ ಇದ್ದೂ ಕುಡಿಯಲು ಬಾರದ ನೀರದು. ಒಂದು ಒಣ ಅಡಿಕೆ ಸೋಗೆಯನ್ನೋ ನಾಲ್ಕು ತುಂಡು ಕೋಲನ್ನೋ ತೇಲಿಬಿಟ್ಟರೆ ಅದೇ ಹೊಂಡ ಜೀವ ಕೊಡುತ್ತದೆ. ಇಲ್ಲಿಯೂ ಕೊರತೆ ಇರುವುದು ಅಂಚಿನದೇ, ನೀರಿನದಲ್ಲ.

ಕಚ್ಚುವ ಹುಳುವಿಗೆ ನೀರು ಕೊಟ್ಟು ಸಾಕಬೇಕೆ ಎಂಬ ಪ್ರಶ್ನೆಯನ್ನು ಹಗುರಾಗಿ ತೆಗೆದುಕೊಳ್ಳುವಂತಿಲ್ಲ. ಕಡಜದ ಗೂಡಿಗೆ ಕೈಯಿಟ್ಟು ಹಲವು ಕಡಿತ ತಿಂದವರಿಗೆ ಜೀವಾಪಾಯವಿದೆ, ಅಲರ್ಜಿ ಇರುವವರಿಗೆ ಒಂದೇ ಕಡಿತವೂ ಅಪಾಯ. ಮಕ್ಕಳು ಓಡಾಡುವ ಬಾಗಿಲ ಮೇಲೆ, ಶಾಲೆಯ ಜಗಲಿಯಲ್ಲಿ ಗೂಡಿದ್ದರೆ ತಿಳಿದವರಿಂದ ತೆಗೆಸಲೇಬೇಕು. ಜೇನು ಸಾಕುವವರಿಗೆ ಕಡಜ ಶತ್ರು ಎಂಬುದೂ ಸರಿ. ಆದರೆ ಕಣಜ ಕುಟುಕುವುದು ಗೂಡಿಗೆ ಕುತ್ತು ಬಂದಾಗ, ಇಲ್ಲವೇ ಮೈಗೆ ಸಿಕ್ಕಿ ಅದುಮಿದಾಗ. ನೀರಿನ ಅಂಚಿನಲ್ಲಿರುವ ಕಣಜಕ್ಕೆ ಕಾಯಲು ಗೂಡಿಲ್ಲ, ಅದು ಬೆದರಿದರೆ ಹಾರಿಹೋಗುತ್ತದೆ. ಮಣ್ಣಿನ ಗೂಡಿನ ಕುಂಬಾರ ಹುಳವಂತೂ ಗೂಡಿಗಾಗಿಯೂ ಮನುಷ್ಯರ ಮೇಲೆ ಏರಿಬರುವುದು ಅಪರೂಪ. ಇಷ್ಟೆಲ್ಲ ಜಾತಿಗಳಿಗೂ ಕಡಜದ ಒಂದೇ ಹೆಸರಿನಲ್ಲಿ ಬೆಂಕಿ ಹಿಡಿಯುವುದು ತಪ್ಪು. ಆ ಕಡಜಗಳಲ್ಲೇ ಒಂದು ಜಾತಿ ಸೂರಿನ ಸಣ್ಣ ಕಣಜಗಳ ಗೂಡಿಗೆ ನುಗ್ಗಿ ಮರಿಗಳನ್ನೆಲ್ಲ ತಿಂದು ಹೋಗುತ್ತದೆಂಬುದನ್ನು ತಿಳಿದರೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಮನಸ್ಸು ಬರುವುದಿಲ್ಲ. ಕಣಜವೊಂದೇ ಸೈನಿಕ ಹುಳುವನ್ನು ಮುಗಿಸುತ್ತದೆಂದು ಯಾರೂ ಹೇಳಲಾರರು. ಇರುವ ಹಲವು ಬೇಟೆಗಾರರಲ್ಲಿ ಸಂಬಳವಿಲ್ಲದೆ ದುಡಿಯುವ ಒಂದನ್ನು ನೀರಿಲ್ಲದೆ ಕಳೆದುಕೊಳ್ಳುವುದು ಬೇಡ.

ನೀರಿನ ವಿಷಯದಲ್ಲಿ ಈ ನೆಲದ ನೆನಪು ದೊಡ್ಡದು. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ದೇವಸ್ಥಾನದ ಮುಂದೆ ನಿಂತ 5ನೇ ಶತಮಾನದ ಸ್ತಂಭಶಾಸನ ಕದಂಬರ ವಂಶದ ಕತೆ ಹೇಳುವಾಗ, ಕಾಕುಸ್ಥವರ್ಮ ಆ ದೇವಸ್ಥಾನದ ಬಳಿ ಕೆರೆ ತೋಡಿಸಿದ್ದನ್ನು ಮರೆಯದೆ ದಾಖಲಿಸುತ್ತದೆ. ಸೊರಬದ ಕಾನುಗಳ ಬಗ್ಗೆ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು 1868ರಲ್ಲೇ ವರದಿ ಬರೆದರು. ಆ ವರದಿ ಈ ಒಂದು ತಾಲ್ಲೂಕಿನಲ್ಲೇ 171 ಕಾನುಗಳನ್ನು ಎಣಿಸಿತ್ತು. ಕಾನಿನ ನೆರಳಲ್ಲಿ ಜಿನುಗುವ ಒರತೆ, ಅದರ ಕೆಳಗೆ ಕೆರೆ, ಕೆರೆಯ ಕೆಳಗೆ ಗದ್ದೆ ಎಂಬುದು ಈ ಸೀಮೆಯ ಹಳೆಯ ಜೋಡಣೆ. ಗುಡವಿಯ ಕೆರೆ ಪಕ್ಷಿಧಾಮವಾಗಿ ಹೆಸರಾದದ್ದು ನೀರಿನ ಜೊತೆಗೆ ನೀರಿನಲ್ಲಿ ನಿಂತ ಮರಗಳಿಂದ, ಅಂದರೆ ಕೂರುವ ಜಾಗದಿಂದ. ಹಕ್ಕಿಗೆ ಮರ ಹೇಗೋ ಕಣಜಕ್ಕೆ ಕೆಸರಿನ ಅಂಚು ಹಾಗೆ.

ಈಗ ಕೆರೆಗಳಿಗೆ ಒಳ್ಳೆಯ ಕಾಲ ಬಂದಿದೆ ಎಂದೂ ಹೇಳಬೇಕು. ಶಿಕಾರಿಪುರದಲ್ಲಿ ಉಡುಗಣಿ, ತಾಳಗುಂದ, ಹೊಸೂರು ಏತ ನೀರಾವರಿ, ಸೊರಬದಲ್ಲಿ ಮೂಡಿ, ಮೂಗೂರು ಏತ ನೀರಾವರಿ ಇವೆಲ್ಲ ನದಿ ನೀರನ್ನು ಎತ್ತಿ ಕೆರೆ ತುಂಬಿಸುವ ಉದ್ದೇಶದವು. ಖಾಲಿ ಕೆರೆಗಿಂತ ತುಂಬಿದ ಕೆರೆ ಎಲ್ಲ ಜೀವಕ್ಕೂ ಲೇಸು. ಏರಿಗೆ ಕಲ್ಲು ಹೊದಿಸಬೇಕಾದದ್ದೂ ಸರಿಯೇ, ಇಲ್ಲದಿದ್ದರೆ ಅಲೆಗೆ ಏರಿ ಕೊರೆಯುತ್ತದೆ. ಆದರೆ ಏರಿ ಕೆರೆಯ ಒಂದು ಬದಿ ಮಾತ್ರ. ನೀರು ಬರುವ ಬದಿ, ದನ ಇಳಿಯುವ ಬದಿ, ಮೆಲ್ಲಗೆ ಇಳಿಜಾರಾಗಿ ಅಂಗಳಕ್ಕೆ ಸೇರುವ ಬದಿ ಬೇರೆ. ಹೂಳೆತ್ತುವ ಹೆಸರಿನಲ್ಲಿ ಜೆಸಿಬಿ ಇಳಿದು ಅಂಗಳದುದ್ದಕ್ಕೂ ಆಳುದ್ದದ ಕಡಿದಾದ ಗುಂಡಿ ತೋಡಿದಾಗ, ಊರ ಕೆರೆಯ ಸುತ್ತ ನಡಿಗೆಯ ದಾರಿ ಮಾಡಲು ನಾಲ್ಕೂ ಕಡೆ ಗೋಡೆ ಎಬ್ಬಿಸಿದಾಗ, ಕೆರೆಯ ನೀರು ಹೆಚ್ಚಿ ಅಂಚು ಇಲ್ಲವಾಗುತ್ತದೆ. ಲೆಕ್ಕದ ಪುಸ್ತಕದಲ್ಲಿ ಅದು ಗೆಲುವು. ಇಳಿಜಾರಿನ ಅಂಗಳದಲ್ಲಿ ನೀರು ಒಂದು ಗೇಣು ಇಳಿದರೆ ಒದ್ದೆ ಮಣ್ಣಿನ ಹೊಸ ಪಟ್ಟಿಯೊಂದು ತೆರೆದುಕೊಳ್ಳುತ್ತದೆ, ಬೇಸಿಗೆಯುದ್ದಕ್ಕೂ ದಿನಾ ಸ್ವಲ್ಪ ಸ್ವಲ್ಪ. ಕಡಿದಾದ ಗುಂಡಿಯಲ್ಲಿ ಎಷ್ಟು ಇಳಿದರೂ ಗೋಡೆಯೇ ಕಾಣುತ್ತದೆ. ಹೂಳೆತ್ತುವ ಅಂದಾಜುಪಟ್ಟಿಯಲ್ಲಿ ಎಷ್ಟು ಘನಮೀಟರ್ ಮಣ್ಣು ತೆಗೆಯಬೇಕೆಂಬ ಅಂಕಣವಿರುತ್ತದೆ, ಯಾವ ಬದಿಯನ್ನು ಮುಟ್ಟಬಾರದೆಂಬ ಅಂಕಣವೂ ಇರಬೇಕು. ಅದಕ್ಕೆ ಹಣ ಬೇಕಿಲ್ಲ, ಗ್ರಾಮ ಪಂಚಾಯಿತಿಯ ಒಂದು ತೀರ್ಮಾನ ಸಾಕು.

ಹಾಗಾಗಿ ಈ ಬೇಸಿಗೆಯಲ್ಲಿ ನಿಮ್ಮೂರ ಕೆರೆಗೆ ಜೆಸಿಬಿ ಬಂದಾಗ ಹೋಗಿ ಒಂದು ಮಾತು ಹೇಳಿ: ದನ ಇಳಿಯುವ ಬದಿಯನ್ನು ಇದ್ದ ಹಾಗೇ ಬಿಡಿ. ಔಷಧಿ ಕ್ಯಾನನ್ನು ಕೆರೆಯಿಂದ ದೂರದಲ್ಲಿ ತೊಳೆಯಿರಿ. ಹೊಂಡವಿದ್ದರೆ ಅದರಲ್ಲೊಂದು ಸೋಗೆ ತೇಲಿಬಿಡಿ. ಮುಂಗಾರು ಬರುವವರೆಗೆ ಸೂರಿನ ಕೆಳಗಿನ ಆ ಗೂಡಿಗೆ ಅಷ್ಟು ಸಾಕು.